ತಂತ್ರಾಂಶ ಜೋಡಣೆಯ ಸಾಧನಗಳು: ರಚನೆ ಮತ್ತು ಬೆಲೆ ನಿಗದಿ

ಬೆಂಗಳೂರಿಗೆ ಚಿಕ್ಕಪೇಟೆ ಹೇಗೋ ಚೆನ್ನೈಗೆ ಸೌಕಾರ್‌ಪೇಟೆ ಹಾಗೆ. ಸಾಹುಕಾರರ ಪೇಟೆ ಎಂಬುದೇ ಈ ಹೆಸರಿನ ಅರ್ಥ. ಮಾರವಾಡಿ ಹಾಗೂ ಗುಜರಾತಿ ವರ್ತಕ ಮನೆತನಗಳು ತಲೆಮಾರುಗಳಿಂದ ನೆಲೆಸಿರುವ ಇಲ್ಲಿನ ಮಿಂಟ್ ಬೀದಿ, ಗೋವಿಂದಪ್ಪ ನಾಯಕನ್ ಬೀದಿ ಹಾಗೂ ಸಮೀಪದ ಗೋಡೌನ್ ಬೀದಿಗಳಿಂದ ನೆರೆಯ ರಾಜ್ಯಗಳ ಅಂಗಡಿಗಳಿಗೂ ಸರಕು ರವಾನೆಯಾಗುತ್ತದೆ.

ಹಿಂದೆ ಇಂತಹ ಅಂಗಡಿಗಳಲ್ಲಿ ಕೆಂಪು ರಟ್ಟಿನ ಬಹಿಗಳಿದ್ದವು. ದಿನದ ನಗದು ರೋಕಡ ಬಹಿಯಲ್ಲಿ, ಗಿರಾಕಿಯ ಬಾಕಿ ಖಾತಾ ಬಹಿಯಲ್ಲಿ ದಾಖಲಾಗುತ್ತಿತ್ತು. ನಮ್ಮಲ್ಲಿನ ಕಿರ್ದಿ ಮತ್ತು ಖಾತೆಗಳೂ ಇದೇ ಬಗೆಯವು. ಒಂದು ಪುಸ್ತಕದ ಅಂಕಿಯನ್ನು ಇನ್ನೊಂದಕ್ಕೆ ಸಾಗಿಸುವುದು ಮುನೀಮನ ಕೆಲಸ. ಗಣಕಯಂತ್ರ ಬಂದ ಮೇಲೆ ಪುಸ್ತಕಗಳು ಬದಲಾದವೇ ಹೊರತು ಈ ಸಾಗಾಣಿಕೆ ತಪ್ಪಲಿಲ್ಲ. ಬೇಡಿಕೆ ವಾಟ್ಸ್‌ಆಪ್‌ನಲ್ಲಿ, ದಾಸ್ತಾನು ಒಂದು ತಂತ್ರಾಂಶದಲ್ಲಿ, ಲೆಕ್ಕ ಮತ್ತೊಂದರಲ್ಲಿ ಉಳಿದವು. ಗುಮಾಸ್ತನು ಒಂದು ಪರದೆಯನ್ನು ನೋಡಿ ಇನ್ನೊಂದರಲ್ಲಿ ಬೆರಳಚ್ಚು ಮಾಡತೊಡಗಿದನು.

ಸರಕು ಮತ್ತು ಸೇವಾ ತೆರಿಗೆಯು 2017ರ ಜುಲೈ 1ರಂದು ಜಾರಿಗೆ ಬಂದ ನಂತರ ಈ ನಕಲು ಕೆಲಸದ ತಪ್ಪುಗಳು ದುಬಾರಿಯಾದವು. 500 ಕೋಟಿ ರೂಪಾಯಿಗಿಂತ ಹೆಚ್ಚು ವಹಿವಾಟಿನ ಸಂಸ್ಥೆಗಳಿಗೆ 2020ರ ಅಕ್ಟೋಬರ್ 1ರಿಂದ ವಿದ್ಯುನ್ಮಾನ ಬೀಜಕ ಕಡ್ಡಾಯವಾಯಿತು. ಈ ಮಿತಿಯನ್ನು ಹಂತಹಂತವಾಗಿ ಇಳಿಸಿ, 2023ರ ಆಗಸ್ಟ್ 1ರಿಂದ 5 ಕೋಟಿಗೆ ನಿಗದಿಪಡಿಸಲಾಯಿತು. ಇದರಿಂದ ಮಧ್ಯಮ ಗಾತ್ರದ ಸಗಟು ಅಂಗಡಿಗಳೂ ನಿಯಮದ ವ್ಯಾಪ್ತಿಗೆ ಬಂದವು. ಒಬ್ಬ ನೋಂದಾಯಿತ ವರ್ತಕನು ಇನ್ನೊಬ್ಬನಿಗೆ ಬರೆಯುವ ಬೀಜಕವನ್ನು ನಿಗದಿತ ನಮೂನೆಯಲ್ಲಿ ನೋಂದಣಿ ತಾಣಕ್ಕೆ ಕಳುಹಿಸಬೇಕು. ಅಲ್ಲಿಂದ 64 ಅಕ್ಷರಗಳ ಉಲ್ಲೇಖ ಸಂಖ್ಯೆ ಮತ್ತು ಕ್ಯೂಆರ್ ಸಂಕೇತ ದೊರೆಯುತ್ತವೆ. ಇವನ್ನು ಪಡೆಯಬೇಕಾದವನು ಪಡೆಯದೆ ನೀಡಿದ ಬೀಜಕವನ್ನು ಬೀಜಕವೆಂದೇ ಪರಿಗಣಿಸಲಾಗದು ಎಂದು ನಿಯಮ 48 ಹೇಳುತ್ತದೆ. ಹೀಗಾಗಿ ಸೌಕಾರ್‌ಪೇಟೆಯ ಗುಮಾಸ್ತನ ಲೋಪದಿಂದ ಚಿಕ್ಕಪೇಟೆಯ ಖರೀದಿದಾರನ ತೆರಿಗೆ ಜಮೆಗೆ ತೊಡಕಾಗುತ್ತದೆ. ತಪ್ಪಾದ ಬೀಜಕವನ್ನು ತಾಣದಲ್ಲಿ ರದ್ದುಪಡಿಸಲು 24 ಗಂಟೆಗಳ ಅವಕಾಶ ಮಾತ್ರ ಇದೆ.

ದಿನಕ್ಕೆ ಐದಾರು ಬೀಜಕಗಳನ್ನಷ್ಟೇ ಬರೆಯುವ ಅಂಗಡಿಗೆ ಜೋಡಣೆಯ ಸಾಧನವನ್ನು ಕೊಳ್ಳುವ ಅಗತ್ಯವಿಲ್ಲ ಎಂಬುದನ್ನು ಇಲ್ಲಿಯೇ ಹೇಳಬೇಕು. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವು ಒದಗಿಸಿರುವ ಉಚಿತ ಸಾಧನವೇ ಅದಕ್ಕೆ ಸಾಕು. ಎಕ್ಸೆಲ್ ಹಾಳೆಯನ್ನು ತುಂಬಿಸಿ ತಾಣಕ್ಕೆ ಏರಿಸಿದರೆ ಆಯಿತು. ಬೀಜಕಗಳ ಸಂಖ್ಯೆ ಹೆಚ್ಚಿದಾಗ ಮಾತ್ರ ತಂತ್ರಾಂಶಗಳು ತಾವೇ ಪರಸ್ಪರ ಮಾತನಾಡುವಂತೆ ಮಾಡಬೇಕಾಗುತ್ತದೆ.

ಲೋ-ಕೋಡ್ ಸಾಧನಗಳ ಉಪಯೋಗ ಇಲ್ಲಿದೆ. ಸಂಕೇತ ಬರಹವನ್ನು ಅತ್ಯಲ್ಪ ಪ್ರಮಾಣದಲ್ಲಿ ಬಳಸಿ, ಪರದೆಯ ಮೇಲಿನ ಚೌಕಗಳನ್ನು ಜೋಡಿಸಿ ಕಾರ್ಯಕ್ರಮವನ್ನು ರಚಿಸುವ ವಿಧಾನವಿದು. ಈ ಹೆಸರು 2014ರಲ್ಲಿ ಬಳಕೆಗೆ ಬಂದರೂ ವಿಧಾನ ಅದಕ್ಕಿಂತ ಹಳೆಯದು. ಈಗ ಜೋಹೊ ಎಂದು ಪ್ರಸಿದ್ಧವಾಗಿರುವ ಚೆನ್ನೈಯ ಸಂಸ್ಥೆಯು ತನ್ನ ಕ್ರಿಯೇಟರ್ ಎಂಬ ಇಂತಹ ಸಾಧನವನ್ನು 2006ರಲ್ಲಿಯೇ ಹೊರತಂದಿತ್ತು.

ಜೋಡಣೆಯಲ್ಲಿ ಮುಖ್ಯವಾಗಿ ಮೂರು ಅಂಗಗಳಿರುತ್ತವೆ. ಹೊಸ ಬೀಜಕ ಸಿದ್ಧವಾಯಿತೆಂಬ ಸೂಚನೆ ಮೊದಲನೆಯದು. ಒಂದೆಡೆಯ ‘ಗಿರಾಕಿ’ ಎಂಬ ಅಂಕಣ ಇನ್ನೊಂದೆಡೆಯ ‘ಖರೀದಿದಾರ’ ಎಂಬುದಕ್ಕೆ ಸಮ ಎಂದು ತಿಳಿಸುವ ಹೊಂದಾಣಿಕೆ ಪಟ್ಟಿ ಎರಡನೆಯದು. ವಿಫಲವಾದಾಗ ಮತ್ತೆ ಯತ್ನಿಸುವ ವ್ಯವಸ್ಥೆ ಮೂರನೆಯದು. ಮಾರಾಟಗಾರರ ಪ್ರದರ್ಶನಗಳಲ್ಲಿ ಮೊದಲೆರಡು ಸೊಗಸಾಗಿ ಕಾಣುತ್ತವೆ. ತಯಾರಕರ ಶ್ರಮವೆಲ್ಲ ವ್ಯಯವಾಗುವುದು ಮೂರನೆಯದರಲ್ಲಿ. ಉತ್ತರ ಬರುವ ಮೊದಲೇ ಅಂತರಜಾಲ ಕಡಿದುಹೋದರೆ ಬೀಜಕ ತಲುಪಿತೋ ಇಲ್ಲವೋ ತಿಳಿಯದು. ನೋಂದಣಿ ತಾಣವಾದರೋ ಅದೇ ಬೀಜಕವನ್ನು ಮರಳಿ ಕಳುಹಿಸಿದರೆ ನಿರಾಕರಿಸುತ್ತದೆ. ವರ್ತಕನ ತೆರಿಗೆ ಸಂಖ್ಯೆ, ಆರ್ಥಿಕ ವರ್ಷ, ದಾಖಲೆಯ ಬಗೆ ಮತ್ತು ಬೀಜಕದ ಸಂಖ್ಯೆಯಿಂದಲೇ ಉಲ್ಲೇಖ ಸಂಖ್ಯೆ ರೂಪುಗೊಳ್ಳುವುದು ಇದಕ್ಕೆ ಕಾರಣ. ಅಂಗಡಿಯ ಲೆಕ್ಕದ ತಂತ್ರಾಂಶದಲ್ಲಿ ಇಂತಹ ಕಾವಲು ಇರಲೇಬೇಕೆಂದಿಲ್ಲ. ಅಲ್ಲಿ ಒಂದೇ ಮಾರಾಟ ಎರಡು ಬಾರಿ ದಾಖಲಾಗಿ, ಗಿರಾಕಿಯ ಬಾಕಿ ಇಮ್ಮಡಿಯಾದೀತು. ಇದನ್ನು ತಡೆಯುವ ಹೊಣೆ ಜೋಡಣೆಯದೇ.

ಇನ್ನೊಂದು ತೊಡಕು ಅಂಗಡಿಯ ಗಣಕಯಂತ್ರದ್ದು. ಬೆಂಗಳೂರಿನಲ್ಲಿ ರೂಪುಗೊಂಡು ದೇಶದ ವರ್ತಕರಲ್ಲಿ ಮನೆಮಾತಾದ ಟ್ಯಾಲಿಯು ಬಹುಮಟ್ಟಿಗೆ ಅಂಗಡಿಯ ಯಂತ್ರದಲ್ಲಿಯೇ ನೆಲೆಸಿರುತ್ತದೆ. ರಾತ್ರಿ ಬಾಗಿಲು ಹಾಕಿ ಯಂತ್ರವನ್ನು ಆರಿಸಿದರೆ ದೂರದ ಸರ್ವರ್ ಎಷ್ಟು ಬಡಿದರೂ ಉತ್ತರಿಸುವವರಿರುವುದಿಲ್ಲ. ಆದ್ದರಿಂದ ಅಂಗಡಿಯ ಯಂತ್ರದಲ್ಲಿ ಒಂದು ಪುಟ್ಟ ಸಹಾಯಕ ಕಾರ್ಯಕ್ರಮವನ್ನು ಇರಿಸಿ, ಬೆಳಿಗ್ಗೆ ಯಂತ್ರ ಎಚ್ಚೆತ್ತೊಡನೆ ಉಳಿದ ದಾಖಲೆಗಳನ್ನು ಕ್ರಮವಾಗಿ ಒಪ್ಪಿಸುವಂತೆ ಮಾಡಬೇಕಾಗುತ್ತದೆ.

ಇನ್ನು ಬೆಲೆಯ ವಿಚಾರ. ಬಳಕೆದಾರರ ಸಂಖ್ಯೆಗೆ ತಕ್ಕಂತೆ ಶುಲ್ಕ ವಿಧಿಸುವುದು ಒಂದು ರೂಢಿ. ಇದರಲ್ಲಿ ಹಣ ಉಳಿಸಲು ನಾಲ್ವರು ಗುಮಾಸ್ತರು ಒಂದೇ ಗುಪ್ತಪದವನ್ನು ಹಂಚಿಕೊಳ್ಳುತ್ತಾರೆ. ಯಾರು ಯಾವ ಬೀಜಕವನ್ನು ತಿದ್ದಿದರೆಂಬುದು ಆಮೇಲೆ ತಿಳಿಯದು. ಅಲ್ಲದೆ ಜೋಡಣೆಯ ಕೆಲಸವನ್ನು ನಡೆಸುವುದು ಯಂತ್ರವಾದ್ದರಿಂದ ಜನರ ಎಣಿಕೆಗೂ ಕೆಲಸದ ಪ್ರಮಾಣಕ್ಕೂ ಸಂಬಂಧ ಕಡಿಮೆ.

ನಡೆದ ಕಾರ್ಯಗಳನ್ನು ಎಣಿಸಿ ಶುಲ್ಕ ಪಡೆಯುವುದು ಇನ್ನೊಂದು ರೂಢಿ. ನ್ಯಾಯವಾಗಿ ಕಾಣುವ ಈ ಕ್ರಮವೇ ವರ್ತಕನನ್ನು ಹೆಚ್ಚು ಗೊಂದಲಕ್ಕೀಡು ಮಾಡುತ್ತದೆ. ದಿನಕ್ಕೆ 40 ಬೀಜಕ, ತಿಂಗಳಿಗೆ 25 ಕೆಲಸದ ದಿನ ಎಂದಿಟ್ಟುಕೊಂಡರೆ ಒಟ್ಟು 1,000 ಬೀಜಕಗಳು. ‘1,000 ಕಾರ್ಯ’ಗಳ ಯೋಜನೆ ಇದಕ್ಕೆ ಸರಿಹೊಂದುತ್ತದೆ ಎಂದು ಅಂಗಡಿಯವನು ಭಾವಿಸುತ್ತಾನೆ. ವಾಸ್ತವದಲ್ಲಿ ತಾಣಕ್ಕೆ ಕಳುಹಿಸುವುದು, ಲೆಕ್ಕಕ್ಕೆ ಬರೆಯುವುದು, ಗಿರಾಕಿಗೆ ಸಂದೇಶ ನೀಡುವುದು ಎಂದು ಒಂದು ಬೀಜಕಕ್ಕೆ ಮೂರು ಕಾರ್ಯಗಳು. ಒಂಬತ್ತನೆಯ ದಿನವೇ ಮಿತಿ ಮುಗಿಯುತ್ತದೆ. ದೀಪಾವಳಿಗೆ ಮುನ್ನ ಬೀಜಕಗಳು ಇಮ್ಮಡಿಯಾದರೆ ಕಾರ್ಯಗಳು 6,000 ಆಗುತ್ತವೆ. ವಿಫಲ ಯತ್ನಗಳನ್ನೂ ಎಣಿಸುವ ಒಪ್ಪಂದವಾಗಿದ್ದರೆ ತಯಾರಕನ ದೋಷಕ್ಕೆ ವರ್ತಕನೇ ದಂಡ ತೆತ್ತಂತಾಗುತ್ತದೆ.

ವರ್ತಕನು ಎಣಿಸಬಲ್ಲದ್ದು ಬೀಜಕವನ್ನು, ಕಾರ್ಯವನ್ನಲ್ಲ. ಆದ್ದರಿಂದ ಬೀಜಕಕ್ಕೆ ಇಂತಿಷ್ಟು, ಹಬ್ಬದ ತಿಂಗಳಿಗೆ ಗರಿಷ್ಠ ಇಷ್ಟು ಎಂದು ನಿಗದಿಪಡಿಸುವುದೇ ಎರಡೂ ಕಡೆಗೆ ಹಿತಕರ. ಆದರೆ ತಂತ್ರಾಂಶ ತಯಾರಿಸಿ ಮಾರುವ ತಂಡಗಳು ಜೋಡಣೆಯ ಮೊದಲ ರಚನೆಯ ವೆಚ್ಚವನ್ನಷ್ಟೇ ಲೆಕ್ಕ ಹಾಕಿ ಈ ದರವನ್ನು ಗೊತ್ತುಪಡಿಸುವುದುಂಟು. ಆನಂತರದ ನಿರ್ವಹಣೆಯ ವೆಚ್ಚ ಅದರಲ್ಲಿ ಸೇರಿರುವುದಿಲ್ಲ.

ನಿರ್ವಹಣೆ ಎಂದರೇನೆಂಬುದು 2025ರ ಸೆಪ್ಟೆಂಬರ್ 22ರಂದು ಕಂಡುಬಂದಿತು. ಅಂದು 1,000 ರೂಪಾಯಿ ದಾಟಿದ, ಆದರೆ 2,500ನ್ನು ಮೀರದ ಸಿದ್ಧ ಉಡುಪುಗಳ ತೆರಿಗೆ ಶೇ. 12ರಿಂದ 5ಕ್ಕೆ ಇಳಿಯಿತು. 2,500 ಮೀರಿದವುಗಳ ತೆರಿಗೆ ಶೇ. 18ಕ್ಕೆ ಏರಿತು. ತೆರಿಗೆಯ ದರಗಳನ್ನು ಒಂದೇ ಪಟ್ಟಿಯಲ್ಲಿ ಇರಿಸಿದ ಜೋಡಣೆಯಲ್ಲಿ ಒಂದು ಕಡೆ ತಿದ್ದಿದರೆ ಸಾಕು. ಪ್ರತಿ ಅಂಗಡಿಯ ಹೊಂದಾಣಿಕೆ ಪಟ್ಟಿಯಲ್ಲಿ ದರವನ್ನು ಪ್ರತ್ಯೇಕವಾಗಿ ಬರೆದಿದ್ದರೆ ಪ್ರತಿಯೊಂದನ್ನೂ ತೆರೆದು ತಿದ್ದಬೇಕು, ಅದೂ ನವರಾತ್ರಿಯ ಮೊದಲ ದಿನದ ವ್ಯಾಪಾರ ಆರಂಭವಾಗುವುದರೊಳಗೆ. ಇಂತಹ ತಿದ್ದುಪಡಿಯ ಶುಲ್ಕ ಮಾಸಿಕ ದರದಲ್ಲಿ ಸೇರಿದೆಯೋ ಇಲ್ಲವೋ, ಎಷ್ಟು ದಿನಗಳೊಳಗೆ ಅದನ್ನು ಮಾಡಿಕೊಡಬೇಕು ಎಂಬುದನ್ನು ವರ್ತಕರು ಸಹಿ ಹಾಕುವ ಮುನ್ನವೇ ಒಪ್ಪಂದದಲ್ಲಿ ಬರೆಯಿಸಿಕೊಳ್ಳುವುದು ಸೂಕ್ತ.