ಹಲ್ಲಿನ ಆಸ್ಪತ್ರೆಗೆ ಹೋಗುವ ಮುನ್ನ ನಾವು ತಿಳಿದಿರಬೇಕಾದದ್ದು



ಮಗುವಿಗೆ ಜ್ವರ ಬಂದರೆ ಅದೇ ದಿನ ಡಾಕ್ಟರ ಹತ್ತಿರ ಓಡುತ್ತೇವೆ. ನಮ್ಮದೇ ಹಲ್ಲು ನೋವಾದರೆ ಮಾತ್ರ ಲವಂಗ ಕಚ್ಚಿಕೊಂಡು, ಮೆಡಿಕಲ್ ಅಂಗಡಿಯ ಮಾತ್ರೆ ನುಂಗಿ ತಿಂಗಳುಗಟ್ಟಲೆ ತಳ್ಳುತ್ತೇವೆ. ಇದಕ್ಕೆ ಕಾರಣ ಎರಡು. ಒಂದು ಖರ್ಚಿನ ಭಯ, ಇನ್ನೊಂದು ಅಲ್ಲಿ ಏನು ಮಾಡ್ತಾರೋ ಅನ್ನುವ ಭಯ.

ಹುಳುಕು ಚಿಕ್ಕದಿರುವಾಗ ಹೋದರೆ ಸಿಮೆಂಟ್ ತುಂಬಿ ಒಂದೇ ದಿನದಲ್ಲಿ ಕಳಿಸುತ್ತಾರೆ. ಹುಳುಕು ನರಕ್ಕೆ ಇಳಿದರೆ ರೂಟ್ ಕೆನಾಲ್ ಬೇಕು. ಅದೂ ಮೀರಿದರೆ ಹಲ್ಲು ಕೀಳಬೇಕು, ಆಮೇಲೆ ಕಟ್ಟಿಸಿಕೊಳ್ಳುವ ಖರ್ಚು ಬೇರೆ. ಬೇಗ ಹೋದಷ್ಟೂ ಖರ್ಚು ಕಡಿಮೆ ಎಂಬುದೇ ಈ ಪಾಠದ ಮುಖ್ಯ ಮಾತು.

1. ಎಲ್ಲಿಗೆ ಹೋಗಬಹುದು?

ದಂತ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಖರ್ಚು ಸಾಮಾನ್ಯವಾಗಿ ಖಾಸಗಿ ಕ್ಲಿನಿಕ್‌ಗಿಂತ ಕಡಿಮೆ. ನಮ್ಮ ಭಾಗದಲ್ಲಿ ಜೆ.ಪಿ. ನಗರ ಒಂದನೇ ಹಂತದಲ್ಲಿ ಆರ್.ವಿ. ದಂತ ಕಾಲೇಜು, ಕುಮಾರಸ್ವಾಮಿ ಲೇಔಟ್‌ನಲ್ಲಿ ದಯಾನಂದ ಸಾಗರ್, ವಿ.ವಿ. ಪುರಂನಲ್ಲಿ ಒಕ್ಕಲಿಗರ ಸಂಘದ ದಂತ ಕಾಲೇಜು ಇವೆ. 1958ರಲ್ಲಿ ಶುರುವಾದ ಸರ್ಕಾರಿ ದಂತ ಕಾಲೇಜು ವಿಕ್ಟೋರಿಯಾ ಆಸ್ಪತ್ರೆಯ ಪಕ್ಕ, ಕೋಟೆಯ ಬಳಿ ಇದೆ. ಬನಶಂಕರಿ, ಜಯನಗರದವರು ಹಸಿರು ಮೆಟ್ರೋದಲ್ಲಿ ಕೆ.ಆರ್. ಮಾರ್ಕೆಟ್ ನಿಲ್ದಾಣಕ್ಕೆ ನೇರವಾಗಿ ಹೋಗಬಹುದು. ಬಿ.ಟಿ.ಎಂ. ಲೇಔಟ್‌ನವರು ಹಳದಿ ಮೆಟ್ರೋ ಹತ್ತಿ ಆರ್.ವಿ. ರೋಡ್‌ನಲ್ಲಿ ಬದಲಾಯಿಸಬೇಕು.

ಬಿ.ಪಿ.ಎಲ್. ಕಾರ್ಡ್, ಆಧಾರ್ ಕಾರ್ಡ್ ಜೊತೆಗಿರಲಿ. ಮನೆಯ ಹಿರಿಯರಿಗೆ ಹಲ್ಲೇ ಇಲ್ಲದಿದ್ದರೆ, ಬಡ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ ಕೊಡಲು ಸರ್ಕಾರ ತಂದ 'ದಂತ ಭಾಗ್ಯ' ಯೋಜನೆಯ ಬಗ್ಗೆ ಕೌಂಟರ್‌ನಲ್ಲಿ ವಿಚಾರಿಸಿ.

2. ಮೊದಲ ದಿನ ಏನಾಗುತ್ತೆ?

ಬೆಳಿಗ್ಗೆ ಬೇಗ ಹೋಗಿ ಚೀಟಿ ಮಾಡಿಸಬೇಕು. ಮೊದಲು ಒಬ್ಬರು ಬಾಯಿ ಪರೀಕ್ಷೆ ಮಾಡಿ, ಬೇಕಾದರೆ ಎಕ್ಸ್‌ರೇ ತೆಗೆಸಿ, ಯಾವ ವಿಭಾಗಕ್ಕೆ ಹೋಗಬೇಕೆಂದು ಬರೆಯುತ್ತಾರೆ. ಸಿಮೆಂಟ್ ಮತ್ತು ರೂಟ್ ಕೆನಾಲ್, ವಸಡು, ಹಲ್ಲು ಕೀಳುವುದು, ಹಲ್ಲು ಕಟ್ಟುವುದು, ಮಕ್ಕಳ ಹಲ್ಲು, ಹೀಗೆ ವಿಭಾಗಗಳು ಬೇರೆ ಬೇರೆ. ಮೊದಲ ದಿನವೇ ಎಲ್ಲ ಮುಗಿಯುತ್ತೆ ಅಂತ ಎಣಿಸಬೇಡಿ. ಅರ್ಧ ದಿನದ ಕೆಲಸ ಹೋಗಬಹುದು. ಮನೆಗೆಲಸಕ್ಕೆ ಹೋಗುವವರು ಮೊದಲೇ ಹೇಳಿಟ್ಟು ಬನ್ನಿ.

ತಿಂಡಿ ತಿಂದೇ ಹೋಗಿ. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆ ತಪ್ಪಿಸಬೇಡಿ, ಮಾತ್ರೆಗಳ ಪಟ್ಟಿ ತೆಗೆದುಕೊಂಡು ಹೋಗಿ. ರಕ್ತ ತೆಳುವಾಗಿಸುವ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಹೃದಯದ ತೊಂದರೆ, ಔಷಧಿಯ ಅಲರ್ಜಿ ಇದ್ದರೆ, ಗರ್ಭಿಣಿಯಾಗಿದ್ದರೆ, ಕೇಳದಿದ್ದರೂ ಹೇಳಿ.

3. ವಿದ್ಯಾರ್ಥಿಗಳು ನೋಡ್ತಾರಂತೆ, ಹೌದಾ?

ಹೌದು. ಬಿ.ಡಿ.ಎಸ್. ಓದು ನಾಲ್ಕು ವರ್ಷ, ಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ಮೊದಲ ಎರಡು ವರ್ಷ ಅಚ್ಚಿನ ಹಲ್ಲುಗಳ ಮೇಲೆ ಕಲಿತು, ಮೂರನೇ ವರ್ಷದಿಂದ ರೋಗಿಗಳನ್ನು ನೋಡುತ್ತಾರೆ. ಅಧ್ಯಾಪಕ ವೈದ್ಯರು ಹಂತ ಹಂತಕ್ಕೂ ಬಂದು ಪರೀಕ್ಷಿಸಬೇಕು. ಅದಕ್ಕೇ ಸಮಯ ಹೆಚ್ಚು ಹಿಡಿಯುತ್ತೆ.

ನಾವು ಬಡವರು, ಕಡಿಮೆ ದುಡ್ಡು ಕೊಡ್ತೀವಿ ಅಂತ ಬಾಯಿ ಮುಚ್ಚಿಕೊಂಡಿರಬೇಕಿಲ್ಲ. ಈ ಪ್ರಶ್ನೆಗಳನ್ನು ಧೈರ್ಯವಾಗಿ ಕೇಳಿ:

- ನನ್ನ ಹಲ್ಲಿಗೆ ಏನಾಗಿದೆ? ಉಳಿಸಲು ಆಗುತ್ತಾ?
- ಎಷ್ಟು ಸಲ ಬರಬೇಕು? ಕ್ಯಾಪ್ ಸೇರಿ ಒಟ್ಟು ಎಷ್ಟಾಗುತ್ತೆ?
- ದೊಡ್ಡ ಡಾಕ್ಟರ್ ನೋಡಿದ್ದಾರಾ?
- ಗ್ಲೌಸ್ ಹೊಸದಾ? ಸೂಜಿ ಹೊಸದಾ?

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಕನ್ನಡದಲ್ಲಿ ಓದಿ ಹೇಳಿ ಅನ್ನಿ. ಹಣ ಕಟ್ಟಿದರೆ ರಸೀದಿ ಪಡೆಯಿರಿ. ಹಲ್ಲು ಕೀಳುವ ಮೊದಲು ಮರಗಟ್ಟುವ ಇಂಜೆಕ್ಷನ್ ಕೊಡುತ್ತಾರೆ. ಒತ್ತಿದ ಹಾಗೆ ಅನ್ನಿಸಬಹುದು, ನೋವಾಗಬಾರದು. ನೋವಾದರೆ ಕೈ ಎತ್ತಿ, ನಿಲ್ಲಿಸುತ್ತಾರೆ.

4. ನೋವು ನಿಂತರೆ ವಾಸಿಯಾಯ್ತಾ?

ಇಲ್ಲ. ನಮ್ಮಲ್ಲಿ ಬಹಳ ಮಂದಿ ಎಡವುವುದು ಇಲ್ಲೇ. ರೂಟ್ ಕೆನಾಲ್‌ಗೆ ಸಾಮಾನ್ಯವಾಗಿ ಎರಡು ಮೂರು ಸಲ ಹೋಗಬೇಕು. ಮೊದಲ ಸಲಕ್ಕೇ ನೋವು ನಿಲ್ಲುತ್ತೆ, ಆಮೇಲೆ ಹೋಗುವುದೇ ಇಲ್ಲ. ತಾತ್ಕಾಲಿಕ ಸಿಮೆಂಟ್ ಬಿದ್ದುಹೋಗಿ ಒಳಗೆ ಮತ್ತೆ ಕೀವಾಗುತ್ತೆ. ದವಡೆ ಹಲ್ಲಿಗೆ ಕ್ಯಾಪ್ ಹಾಕಿಸದಿದ್ದರೆ ಊಟ ಮಾಡುವಾಗ ಸೀಳಬಹುದು. ಆಗ ಖರ್ಚು ಮಾಡಿದ್ದೂ ಹೋಯ್ತು, ಹಲ್ಲೂ ಹೋಯ್ತು.

5. ಹಲ್ಲು ಕೀಳಿಸಿದ ಮೇಲೆ

ಗಾಜ್ ಬಟ್ಟೆಯನ್ನು ಅರ್ಧ ಮುಕ್ಕಾಲು ಗಂಟೆ ಬಿಗಿಯಾಗಿ ಕಚ್ಚಿಕೊಂಡಿರಿ. ಆ ದಿನ ಬಾಯಿ ಮುಕ್ಕಳಿಸಬೇಡಿ, ಪದೇ ಪದೇ ಉಗುಳಬೇಡಿ, ಬಿಸಿ ಕಾಫಿ ಬೇಡ. ಗಂಜಿ, ಮೊಸರನ್ನ ಸಾಕು. ಮಾರನೆಯ ದಿನದಿಂದ ಬೆಚ್ಚಗಿನ ಉಪ್ಪುನೀರಿನಲ್ಲಿ ಮುಕ್ಕಳಿಸಿ. ಗುಂಡಿಗೆ ನಶ್ಯ, ಕಡ್ಡಿಪುಡಿ ಇಡಲೇಬಾರದು. ರಕ್ತ ನಿಲ್ಲದಿದ್ದರೆ, ಎರಡು ಮೂರು ದಿನದ ನಂತರ ನೋವು ಹೆಚ್ಚಾದರೆ ಮತ್ತೆ ತೋರಿಸಿ.

6. ತಡಮಾಡಬಾರದ ಲಕ್ಷಣಗಳು

ಮುಖ, ಕತ್ತು ಊದಿಕೊಂಡು ಜ್ವರ ಬಂದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ರಾತ್ರಿಯಾದರೂ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಹಲ್ಲಿನ ಕೀವು ಕತ್ತಿಗೆ ಇಳಿದರೆ ಜೀವಕ್ಕೇ ಅಪಾಯ.

ಬಾಯಲ್ಲಿ ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ಮೊದಲಿನಷ್ಟು ತೆರೆಯಲು ಆಗದಿರುವುದು, ಇವು ನೋವಿಲ್ಲದಿದ್ದರೂ ತೋರಿಸಬೇಕಾದವು. ಕರ್ನಾಟಕ ಸರ್ಕಾರ 2013ರಲ್ಲಿ ಗುಟ್ಕಾ ನಿಷೇಧಿಸಿತು. ಆದರೆ ಎಲೆ ಅಡಿಕೆ, ಹೊಗೆಸೊಪ್ಪು ನಮ್ಮ ಮನೆಗಳಿಂದ ಹೋಗಿಲ್ಲ. ಹೊಗೆಸೊಪ್ಪು ಇಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದೆ. ಹಲ್ಲಿನ ಆಸ್ಪತ್ರೆಯಲ್ಲಿ ಅನುಮಾನ ಬಂದರೆ ಚಿಕ್ಕ ತುಂಡು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಹೆದರಬೇಡಿ. ಬೇಗ ಗೊತ್ತಾದರೆ ಗುಣವಾಗುವ ಅವಕಾಶ ಹೆಚ್ಚು.

ಸಂಘದ ಸಭೆಯಲ್ಲಿ ಚರ್ಚಿಸಿ

1. ನಮ್ಮಲ್ಲಿ ಎಷ್ಟು ಮಂದಿ ಹಲ್ಲು ನೋವು ತಡೆದುಕೊಂಡಿದ್ದೇವೆ? ಯಾಕೆ?
2. ಬಡ್ಡಿಯವರ ಹತ್ತಿರ ಕೈಚಾಚುವ ಬದಲು ಸಂಘದ ಉಳಿತಾಯದಿಂದ ಚಿಕಿತ್ಸೆಗೆ ಸಣ್ಣ ಸಾಲ ಕೊಡಬಹುದೇ?
3. ರೂಟ್ ಕೆನಾಲ್ ಅರ್ಧಕ್ಕೆ ಬಿಟ್ಟವರು ಯಾರಿದ್ದಾರೆ? ಅವರ ಜೊತೆ ಯಾರು ಹೋಗುತ್ತೀರಿ?

ಮುಂದಿನ ಸಭೆಯೊಳಗೆ ಇಬ್ಬಿಬ್ಬರು ಜೊತೆಯಾಗಿ ಹೋಗಿ ಬಾಯಿ ಪರೀಕ್ಷೆ ಮಾಡಿಸಿಕೊಂಡು ಬನ್ನಿ. ಒಬ್ಬರಿಗೆ ಕೇಳಲು ಸಂಕೋಚವಾದರೆ ಇನ್ನೊಬ್ಬರು ಕೇಳಬಹುದು.