ಧನುರ್ಮಾಸಕ್ಕೆ ಮುಂಚೆ ಮುಗಿಯದ ಮನೆ

ಗೃಹಪ್ರವೇಶದ ದಿನವನ್ನು ಮೊದಲು ಗೊತ್ತುಮಾಡಿ ಆಮೇಲೆ ಮನೆ ಕಟ್ಟಿಸುವವರು ನಮ್ಮ ಕೋಲಾರ ಜಿಲ್ಲೆಯ ವೇಮಗಲ್ ಸುತ್ತಮುತ್ತ ಜಾಸ್ತಿಯಾಗಿದ್ದಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ನರಸಾಪುರದಲ್ಲಿ ಫ್ಯಾಕ್ಟರಿಗಳು ಬಂದವು, ನಮ್ಮೂರ ಪಕ್ಕದಲ್ಲೂ ಕೈಗಾರಿಕಾ ಪ್ರದೇಶ ಆಯಿತು, ಪಂಚಾಯಿತಿ ಹೋಗಿ ವೇಮಗಲ್-ಕುರುಗಲ್ ಪಟ್ಟಣ ಪಂಚಾಯಿತಿ ಆಯಿತು. ಹೊರಗಿನಿಂದ ಬಂದ ಹುಡುಗರಿಗೆ ರೂಮು ಬೇಕು, ರೂಮಿಗೆ ಬಾಡಿಗೆ ಬರುತ್ತದೆ. ಹಾಗಾಗಿ ಎಲ್ಲರಿಗೂ ಆತುರ. ಇವತ್ತು ಪಾಯ, ನಾಳೆ ಮೋಲ್ಡ್, ನಾಡಿದ್ದು ಬಾಡಿಗೆದಾರ. ನಾವು ಆತುರ ಪಡಲಿಲ್ಲ ಅಂತ ನೆಂಟರಿಷ್ಟರಲ್ಲಿ ನಮಗೆ ಇವತ್ತಿಗೂ ಮಾತು ಬರುತ್ತದೆ. ಆ ಮಾತಿಗೂ ಇದು ಉತ್ತರ.

ನಮ್ಮದು ಮಣ್ಣಿನ ಗೋಡೆಯ, ಹೆಂಚಿನ ಮನೆ. ಅದನ್ನು ಕೆಡವಿ, ಹಿತ್ತಲಲ್ಲಿ ಶೀಟಿನ ಶೆಡ್ ಹಾಕಿಕೊಂಡು ಅದರೊಳಗೆ ಸೇರಿಕೊಂಡೆವು. 2020ರ ಯುಗಾದಿ ಕಳೆದ ಮೇಲೆ ಪಾಯ ತೆಗೆಸುವುದು ಅಂತಿತ್ತು. ಆ ವರ್ಷ ಯುಗಾದಿ ಬಂದದ್ದು ಮಾರ್ಚ್ 25ಕ್ಕೆ. ದೇಶಕ್ಕೆಲ್ಲ ಲಾಕ್‌ಡೌನ್ ಶುರುವಾದದ್ದೂ ಅವತ್ತೇ. ಟೇಕಲ್ ಕಡೆಯಿಂದ ತರಿಸಿದ್ದ ಸೈಜುಗಲ್ಲು ರಸ್ತೆ ಪಕ್ಕದಲ್ಲಿ ಬಿದ್ದಿತ್ತು, ಗಾರೆ ಕೆಲಸದವರು ತಮ್ಮ ತಮ್ಮ ಊರಿಗೆ ಹೊರಟುಹೋದರು. ಶೆಡ್ಡಿನ ಬೇಸಿಗೆ ಹೇಗಿರುತ್ತದೆಂದು ಅದರೊಳಗೆ ಇದ್ದವರಿಗೆ ಗೊತ್ತು, ಹೇಳುವುದೇನಿಲ್ಲ.

ಅತ್ತೆ ಆ ದಿನಗಳಲ್ಲೇ ಒಂದು ಕೆಲಸ ಮಾಡಿದರು. ಅರಿಸಿನದಲ್ಲಿ ಅದ್ದಿದ ಬಿಳಿ ಬಟ್ಟೆಯ ತುಂಡಿನಲ್ಲಿ ಒಂದು ನಾಣ್ಯ ಇಟ್ಟು, ಗಂಟು ಹಾಕಿ, ಸೀತಿ ಬೆಟ್ಟದ ಭೈರವನ ಹೆಸರಿನಲ್ಲಿ ಮುಡಿಪು ಕಟ್ಟಿದರು. ಅದನ್ನು ಶೆಡ್ಡಿನ ಕಬ್ಬಿಣದ ಪೈಪಿಗೆ ನೇತುಹಾಕಿ, ಮನೆ ಮುಗಿದ ಮೇಲೆ ಬೆಟ್ಟ ಹತ್ತಿ ಒಪ್ಪಿಸುತ್ತೇನೆ ಅಂದರು. ಯಾವಾಗ ಮುಗಿಯಬೇಕು ಅಂತ ಮಾತ್ರ ದೇವರಿಗೆ ಹೇಳಲಿಲ್ಲ. ನಾನು ಕೇಳಿದ್ದಕ್ಕೆ, "ಅದು ಅವುನ್ ಕೆಲ್ಸ ಅಲ್ಲಮ್ಮ, ಗಾರೆಯೋರ್ ಕೆಲ್ಸ" ಅಂದರು.

ಪಾಯ ಆಯಿತು, ಬೆಲ್ಟ್ ಆಯಿತು, ಮಾಲೂರಿನಿಂದ ಇಟ್ಟಿಗೆ ಬಂತು. ಗೋಡೆ ಏಳುವ ಕಾಲಕ್ಕೆ ನಮ್ಮನ್ನು ಹಣ್ಣು ಮಾಡಿದ್ದು ನೀರು. ವರ್ಷಪೂರ್ತಿ ಹರಿಯುವ ನದಿಯಿಲ್ಲದ ಜಿಲ್ಲೆ ನಮ್ಮದು. 1,200 ಅಡಿ ಕೊರೆದರೂ ಬರೀ ಧೂಳು ಬಂದ ಬೋರ್‌ವೆಲ್‌ಗಳನ್ನು ನಮ್ಮ ಬೀದಿಯೇ ಕಂಡಿದೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಹರಿಯುತ್ತಿದೆ ನಿಜ. ಆದರೆ ಅದು ಅಂತರ್ಜಲಕ್ಕೆಂದು ಬಿಟ್ಟ ನೀರು, ಕೆರೆಗೆ ಮೋಟರ್ ಇಟ್ಟು ಎತ್ತುವಂತಿಲ್ಲ. ಹಾಗಾಗಿ ಟ್ಯಾಂಕರ್‌ನಲ್ಲಿ ಕೊಂಡು ಗೋಡೆಗೆ ಹಾಕಿದೆವು. ಇಟ್ಟಿಗೆಯನ್ನು ನೆನೆಸದೆ ಕಟ್ಟಿದರೆ ಅದು ಗಾರೆಯೊಳಗಿನ ನೀರನ್ನೆಲ್ಲ ಹೀರಿಬಿಡುತ್ತದೆ, ಕಟ್ಟಿದ ಮೇಲೆ ದಿನಕ್ಕೆರಡು ಹೊತ್ತು ಒದ್ದೆ ಮಾಡದಿದ್ದರೆ ಗಾರೆ ಉದುರುತ್ತದೆ. ಈ ಕೆಲಸ ಹೆಂಗಸರದು ಅಂತ ಯಾರೂ ಹೇಳದೆಯೇ ತೀರ್ಮಾನವಾಗಿರುತ್ತದೆ. ಬೆಳಿಗ್ಗೆ ನಾನು, ಸಂಜೆ ಅತ್ತೆ. ಮೋರಿಗೆ ಒಂದು ಚೊಂಬು ನೀರು ಹೋದರೂ ಅವರು ಬಯ್ಯುತ್ತಿದ್ದರು. ಪಾತ್ರೆ ತೊಳೆದ ನೀರನ್ನು ಮಾತ್ರ ಗೋಡೆಗೆ ಹಾಕಲು ಬಿಡುತ್ತಿರಲಿಲ್ಲ. ಸೋಪು, ಉಪ್ಪು ಸಿಮೆಂಟಿಗೆ ಒಳ್ಳೆಯದಲ್ಲ ಅಂತ ಮೇಸ್ತ್ರಿ ಹೇಳಿದ್ದು ಅವರಿಗೆ ವೇದವಾಕ್ಯ.

ಈಗ ಭಾವನ ವಿಷಯ. ನಮ್ಮೆಜಮಾನರ ಅಣ್ಣ. ಅವರ ಮಗಳ ಮದುವೆ ಗೊತ್ತಾಗಿತ್ತು. ಗಂಡಿನ ಕಡೆಯವರು ಬರುವಷ್ಟರಲ್ಲಿ ಈ ಮನೆಯ ಗೃಹಪ್ರವೇಶ ಆಗಬೇಕು, ಧನುರ್ಮಾಸ ಬಿದ್ದರೆ ಸಂಕ್ರಾಂತಿವರೆಗೆ ಶುಭಕಾರ್ಯ ಇಲ್ಲ, ಆದ್ದರಿಂದ 2021ರ ಡಿಸೆಂಬರ್ ಮೊದಲ ವಾರಕ್ಕೆ ದಿನ ನೋಡಿಸಿಬಿಟ್ಟರು. ನಮ್ಮನ್ನು ಕೇಳಲಿಲ್ಲ. ಕೇಳಿದ್ದು ಪುರೋಹಿತರನ್ನು. ಆಗ ನಮ್ಮ ಮನೆಗೆ ಛಾವಣಿಯೇ ಇಲ್ಲ! "ಮೋಲ್ಡ್ ಒಂದು ಹಾಕ್ಬಿಟ್ರೆ ಹಾಲು ಉಕ್ಕಿಸಬಹುದು, ಮಿಕ್ಕಿದ್ದು ಆಮೇಲೆ ನೋಡ್ಕೊಳ್ಳಿ" ಅಂತ ಅವರ ವಾದ.

ನವೆಂಬರ್ ತಿಂಗಳಲ್ಲಿ ಯಾರಾದರೂ ಮೋಲ್ಡ್ ಹಾಕುತ್ತಾರಾ ಅಂತ ಕೇಳುವವರಿದ್ದಾರೆ. ಭಾವನ ಮಾತಿಗೆ ನಾವು ಹಾಕಿಸಲಿಲ್ಲ. ಸಾಲ ಕೊಟ್ಟ ಬ್ಯಾಂಕಿನ ಅಧಿಕಾರಿ ಛಾವಣಿಯ ಫೋಟೋ ತರದೆ ಮುಂದಿನ ಕಂತು ಬಿಡುವುದಿಲ್ಲ ಅಂತ ಕೂತರು. ಕೊರೊನಾದ ಎರಡನೇ ಅಲೆಯಲ್ಲಿ ನಮ್ಮವರ ಓವರ್‌ಟೈಮ್ ನಿಂತು ಕೈಯಲ್ಲಿ ಕಾಸಿರಲಿಲ್ಲ, ಲಿಂಟಲ್ ಮಟ್ಟಕ್ಕೆ ನಿಂತ ಗೋಡೆಯನ್ನು ತೋರಿಸಿ ಎಷ್ಟು ಬೇಡಿಕೊಂಡರೂ ಆ ಮನುಷ್ಯ ಕುರ್ಚಿಯಿಂದ ಎದ್ದು ಬಂದು ನೋಡಲಿಲ್ಲ. ಕಂತು ಬರದಿದ್ದರೆ ಗಾರೆಯವರು ಬೇರೆ ಕೆಲಸಕ್ಕೆ ಹೋಗುತ್ತಿದ್ದರು. ಮಳೆ ಎರಡು ದಿನ ಬಿಡುವು ಕೊಟ್ಟಿತು, ಇಂಜಿನಿಯರ್ ಬಂದು ಕಂಬಿ ಕಟ್ಟಿದ್ದನ್ನು ನೋಡಿ ಒಪ್ಪಿದರು, ದಿನ ಇಟ್ಟೆವು.

ಅವತ್ತು ಬೆಳಿಗ್ಗೆ ಬಿಸಿಲೇ ಇತ್ತು. ಮಿಕ್ಸರ್‌ಗೆ ಅರಿಸಿನ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದು ಶುರು ಮಾಡಿದರು. ಮೋಲ್ಡ್ ಹಾಕಿದ ದಿನ ಗಾರೆಯವರಿಗೆ ಬಾಡೂಟ ಕೊಡುವುದು ನಮ್ಮ ಕಡೆ ಪದ್ಧತಿ. ಅತ್ತೆ ಶೆಡ್ಡಿನ ಮುಂದೆ ಮುದ್ದೆಗೆ ಎಸರಿಟ್ಟಿದ್ದರು. ಹಿಂದಿನ ಮನೆಯ ಜಾಗಕ್ಕೆ ಮಣ್ಣು ತುಂಬಿ ದಿಮ್ಮಸು ಹೊಡೆಸಿದ್ದ ನೆಲದ ಮೇಲೆ ನೀಲಗಿರಿ ಗಳ ಸಾಲಾಗಿ ನಿಲ್ಲಿಸಿ ಸೆಂಟ್ರಿಂಗ್ ಮಾಡಿದ್ದರು. ಮಧ್ಯಾಹ್ನದ ಹೊತ್ತಿಗೆ ಅರ್ಧ ದಾಟಿತ್ತು. ಆಗ ಕೋಲಾರದ ಬೆಟ್ಟದ ಕಡೆ ಕಪ್ಪಾಯಿತು.

ಮೊದಲು ದಪ್ಪ ಹನಿ. ಆಮೇಲೆ ಎದುರಿಗಿದ್ದವರ ಮುಖ ಕಾಣದ ಹಾಗೆ ಸುರಿಯಿತು. ಆಗಷ್ಟೇ ಹಾಸಿದ ಕಾಂಕ್ರೀಟ್ ಮೇಲಿನ ಸಿಮೆಂಟ್ ಹಾಲು ಬೂದಿ ಬಣ್ಣದ ನೀರಾಗಿ ಹಲಗೆ ಸಂದಿಯಲ್ಲಿ ಇಳಿಯತೊಡಗಿತು, ಜಲ್ಲಿ ಕಣ್ಣಿಗೆ ಕಾಣುತ್ತಿತ್ತು. ನನ್ನ ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಯಿತು. ನಾನು ಇಂಜಿನಿಯರ್‌ಗೆ ಫೋನ್ ಹಚ್ಚಿದೆ. "ಹಾಕುವುದನ್ನು ನಿಲ್ಲಿಸಿ, ನಾನು ಹೇಳಿದ ಗೆರೆಯಲ್ಲಿ ಅಡ್ಡ ಹಲಗೆ ಕೊಟ್ಟು ನೇರ ಅಂಚು ಮಾಡಿ, ಹಾಕಿದ್ದನ್ನು ಮುಚ್ಚಿ" ಅಂದರು. ಭಾವ ಕೆಳಗೆ ಛತ್ರಿ ಹಿಡಿದುಕೊಂಡು ಕೂಗುತ್ತಿದ್ದರು: "ಇನ್ನೇನ್ ಗಂಟೆ ಕೆಲ್ಸ, ನಿಲ್ಲಿಸ್ಬೇಡ್ರೋ, ಸಿಮೆಂಟ್ ಒಂದೆರಡು ಮೂಟೆ ಜಾಸ್ತಿ ಹಾಕಿ ಮುಗ್ಸಿ!" ಗಾರೆ ಹುಡುಗರು ಯಾರ ಮಾತು ಕೇಳಬೇಕು? ಹಿರಿಯರು ಅಂತ ಅವರ ಮಾತಿಗೆ ಬಾಂಡ್ಲಿ ಎತ್ತಿದರು. ನಾನು ಕೆಸರಲ್ಲೇ ಓಡಿ ಮಿಕ್ಸರ್ ಆಫ್ ಮಾಡಿ ಅದರ ಮುಂದೆ ನಿಂತೆ. "ಅಕ್ಕ, ಒಳಗಿರೋ ಮಾಲು ಹಾಳಾಗುತ್ತೆ" ಅಂದ ಆಪರೇಟರ್. ಚೆಲ್ಲು ಅಂದೆ. ಬಂಧುಬಳಗದ ಎದುರು ಭಾವನ ಮಾತು ಮೀರಿದ್ದು ಅದೇ ಮೊದಲು. ಅವತ್ತು ಆ ಮಾತು ಮೀರದಿದ್ದರೆ ಈ ಮನೆಯೊಳಗೆ ನಾನು ನೆಮ್ಮದಿಯಾಗಿ ಮಲಗುತ್ತಿರಲಿಲ್ಲ.

ಮುಚ್ಚಲು ನಮ್ಮ ಹತ್ತಿರ ಇದ್ದದ್ದು ಎರಡು ಪ್ಲಾಸ್ಟಿಕ್ ಹಾಳೆ. ಆ ನವೆಂಬರ್ ನಮ್ಮ ಜಿಲ್ಲೆಯವರು ಮರೆಯುವಂಥದ್ದಲ್ಲ. ಎಷ್ಟೋ ವರ್ಷದಿಂದ ಒಣಗಿದ್ದ ಕೆರೆಗಳು ಕೋಡಿ ಬಿದ್ದವು, ಕೊಯ್ದ ರಾಗಿ ಹೊಲದಲ್ಲೇ ತೆನೆಯಲ್ಲಿ ಮೊಳಕೆ ಒಡೆಯಿತು. ಇದ್ದ ಟಾರ್ಪಾಲೆಲ್ಲ ರಾಗಿ ಮೇಲೆ. ಅಂಥದ್ದರಲ್ಲಿ ಪಕ್ಕದ ಮನೆಯ ಯಜಮಾನರು ತಮ್ಮ ಕಣದಲ್ಲಿ ಗುಡ್ಡೆ ಹಾಕಿದ್ದ ರಾಗಿ ಮೇಲಿನ ಟಾರ್ಪಾಲಲ್ಲಿ ಒಂದನ್ನು ಎಳೆದು ತಂದರು. "ತೆನೆ ಹೆಂಗೂ ನೆಂದೈತೆ, ನೀವ್ ಮುಚ್ಕೊಳ್ಳಿ" ಅಂದರು. ಆ ಋಣ ತೀರಿಸುವುದು ಹೇಗೆ ಅಂತ ನನಗೆ ಇನ್ನೂ ಗೊತ್ತಾಗಿಲ್ಲ.

ಮುಚ್ಚಿ ಉಸಿರು ಬಿಡುವಷ್ಟರಲ್ಲಿ ಕೆಳಗಿಂದ ಮೇಸ್ತ್ರಿ ಕೂಗಿದರು. ಒಳಗೆ ಇಳಿದ ನೀರಿಗೆ ತುಂಬಿದ ಮಣ್ಣು ಮೆತ್ತಗಾಗಿ, ಅಡುಗೆಮನೆ ಮೂಲೆಯ ಎರಡು ಗಳ ನೆಲದೊಳಕ್ಕೆ ಇಳಿಯುತ್ತಿದ್ದವು. ಮಟ್ಟ ನೋಡಲು ಕಟ್ಟಿದ್ದ ದಾರಕ್ಕೂ ಹಲಗೆಗೂ ನಡುವೆ ಆ ಮೂಲೆಯಲ್ಲಿ ಬೆರಳು ತೂರುವಷ್ಟು ಸಂದಿ ಬಿಟ್ಟಿತ್ತು. ಮೇಲೆ ಟನ್ನುಗಟ್ಟಲೆ ಹಸಿ ಕಾಂಕ್ರೀಟು. ನಮ್ಮವರು ಎಲ್ಲರನ್ನೂ ಆಚೆ ಕಳಿಸಿದರು. ಮೇಸ್ತ್ರಿ ಮಾತ್ರ ಒಳಗೆ ನುಗ್ಗಿದರು, ಅವರ ಹಿಂದೆ ನಮ್ಮವರು. ನಾನು ಬಾಗಿಲ ಚೌಕಟ್ಟಿನಲ್ಲಿ ನಿಂತು ಟಾರ್ಚ್ ಹಿಡಿದಿದ್ದೆ. ಮೊದಲು ಪಕ್ಕದಲ್ಲಿ ಅಗಲ ಹಲಗೆ ಹಾಸಿ, ಅದರ ಮೇಲೆ ಹೊಸ ಗಳ ನಿಲ್ಲಿಸಿ, ಕೆಳಗೆ ಬೆಣೆ ಇಟ್ಟು ಸುತ್ತಿಗೆಯಲ್ಲಿ ತಟ್ಟುತ್ತಾ ಬಂದರು. ಒಂದೇ ಸಲ ಜೋರಾಗಿ ಹೊಡೆದರೆ ಪಕ್ಕದ ಗಳ ಜಾರುತ್ತದೆ. ಒಂದು ಏಟು, ದಾರ ನೋಡುವುದು, ಇನ್ನೊಂದು ಏಟು. ಆಚೆಯಿಂದ ಅತ್ತೆಯ ದನಿ ಕೇಳುತ್ತಿತ್ತು, ಭೈರವಪ್ಪ ಭೈರವಪ್ಪ ಅಂತ. ಬೇರೆ ಒಂದು ಮಾತಿಲ್ಲ. ಟಾರ್ಚ್ ಬೆಳಕು ನಡುಗಬಾರದು ಅಂತ ನಾನು ಒಂದು ಕೈಯಲ್ಲಿ ಇನ್ನೊಂದು ಕೈ ಹಿಡಿದುಕೊಂಡಿದ್ದೆ. ಹಲಗೆ ದಾರಕ್ಕೆ ಮುಟ್ಟಿದಾಗ ಮೇಸ್ತ್ರಿ ಸುತ್ತಿಗೆ ಕೆಳಗಿಟ್ಟು, ಉಳಿದ ಗಳಗಳ ಕೆಳಗೂ ಹಲಗೆ ಕೊಡಬೇಕು ಅಂದರು. ಕತ್ತಲಾದ ಮೇಲೂ ಅದೇ ಕೆಲಸ ನಡೆಯಿತು. ಮುದ್ದೆ ತಣ್ಣಗಾಗಿತ್ತು, ಯಾರೂ ಊಟ ಕೇಳಲಿಲ್ಲ. ಅಷ್ಟರಲ್ಲಿ ಭಾವ ಹೊರಟುಹೋಗಿದ್ದರು.

ಮಳೆ ಬಿಟ್ಟ ಮೇಲೆ ಇಂಜಿನಿಯರ್ ಬಂದರು. ಮಳೆಗೆ ಸಿಕ್ಕಿ ತೊಳೆದುಹೋಗಿದ್ದ ಭಾಗವನ್ನು ಕೆತ್ತಿಸಿ ತೆಗೆಸಿದರು. ಅಂಚನ್ನು ಒರಟು ಮಾಡಿ, ಚೆನ್ನಾಗಿ ತೊಳೆದು, ಸಿಮೆಂಟ್ ಹಾಲು ಬಳಿದು ಉಳಿದ ಭಾಗ ಹಾಕಿಸಿದರು. ನೆಂದ ಜಲ್ಲಿ, ನೆಂದ ಎಂ ಸ್ಯಾಂಡ್ ತಾವೇ ನೀರು ಹೊತ್ತು ತರುತ್ತವೆ, ಮಿಕ್ಸರ್‌ಗೆ ಹಾಕುವ ನೀರನ್ನು ಅಷ್ಟು ಕಡಿಮೆ ಮಾಡಬೇಕು ಅಂತ ಅಲ್ಲೇ ನಿಂತು ಅಳತೆ ಮಾಡಿಸಿದರು.

ಇಷ್ಟಾದ ಮೇಲೂ ಡಿಸೆಂಬರ್ ತಾರೀಖು ಭಾವನ ತಲೆಯಿಂದ ಹೋಗಲಿಲ್ಲ. ವಾರ ಆಗುತ್ತಿದ್ದಂತೆ ಗಳ ತೆಗೆಸಿ ಅಂತ ಬಂದರು. ಸೆಂಟ್ರಿಂಗ್ ಬಾಡಿಗೆ ಕೊಟ್ಟವನೂ ಬೇರೆ ಕಡೆ ಹಲಗೆ ಬೇಕು ಅಂತ ಅವರ ಜೊತೆ ಸೇರಿಕೊಂಡ. ನಮ್ಮ ಇಂಜಿನಿಯರ್ ಐಎಸ್ 456 ಸಂಹಿತೆಯ ಲೆಕ್ಕ ಹೇಳಿದರು: ಸ್ಲ್ಯಾಬಿನ ಗೋಡೆಯಿಂದ ಗೋಡೆಗೆ ದೂರ ನಾಲ್ಕೂವರೆ ಮೀಟರ್ ಒಳಗಿದ್ದರೆ ಆಧಾರದ ಗಳ ಕನಿಷ್ಠ 7 ದಿನ, ಅದಕ್ಕಿಂತ ಜಾಸ್ತಿಯಿದ್ದರೆ 14 ದಿನ. ತೊಲೆಯ ಕೆಳಗೆ 6 ಮೀಟರ್‌ವರೆಗೆ 14, ಆಮೇಲೆ 21. ಇದು ಸಾಧಾರಣ ಸಿಮೆಂಟಿಗೆ. ನಾವು ಹಾಕಿದ್ದು ಪಿಪಿಸಿ (ಪೊಜೊಲಾನಾ ಸಿಮೆಂಟ್), ಅದು ನಿಧಾನವಾಗಿ ಬಲ ಹಿಡಿಯುತ್ತದೆ, ಜೊತೆಗೆ ಛಳಿ, ಮೋಡ. ಅದಕ್ಕೇ ಇನ್ನೂ ತಡೆಯಿರಿ ಅಂದರು. ಭಾವನಿಗೆ ಇದೆಲ್ಲ ನೆಪದಂತೆ ಕೇಳಿಸಿತು. "ದೇವ್ರ ಕೆಲ್ಸಕ್ಕೆ ಇಟ್ಟ ದಿನ ತಪ್ಪಿಸ್ತೀರ, ಒಳ್ಳೇದಾಗಲ್ಲ" ಅಂದುಬಿಟ್ಟರು.

ಆಗ ಮಾತಾಡಿದ್ದು ಅತ್ತೆ. ನಮ್ಮ ಮನೆಯಲ್ಲಿ ಸೋಮವಾರ, ಅಮಾವಾಸ್ಯೆ, ರಾಹುಕಾಲ ಎಲ್ಲ ನೋಡುವವರು ಅವರೇ. "ಧನುರ್ಮಾಸ ಕಳುದ್ರೆ ಸಂಕ್ರಾಂತಿ ಬತ್ತದೆ ಕಣಪ್ಪ, ಅದಾದ್ಮ್ಯಾಕೆ ಯುಗಾದಿ ಬತ್ತದೆ. ನನ್ ಮುಡಿಪು ಅಲ್ಲೇ ತೂಗಾಡ್ತೈತೆ, ಅವುನ್ಗೆ ಅರ್ಜೆಂಟಿಲ್ಲ. ನಿಂಗ್ಯಾಕೆ?" ಎಂದು ಮಗನಿಗೆ ನೇರವಾಗಿ ಹೇಳಿದರು. ದೇವರ ಮೇಲೆ ನಂಬಿಕೆ ಇಟ್ಟವರು ಯಾರು, ದೇವರ ಹೆಸರಿನಲ್ಲಿ ತಮ್ಮ ಅನುಕೂಲ ನೋಡಿಕೊಂಡವರು ಯಾರು ಅಂತ ನನಗೆ ಅವತ್ತು ಸ್ಪಷ್ಟವಾಯಿತು. ಮದುವೆಗೆ ಬಂದ ನೆಂಟರು ಛತ್ರದಲ್ಲೇ ಉಳಿದರು, ಯಾರಿಗೂ ಏನೂ ಕಡಿಮೆಯಾಗಲಿಲ್ಲ.

ಸ್ಲ್ಯಾಬಿನ ಮೇಲೆ ಗಾರೆಯಲ್ಲಿ ಪಾತಿ ಕಟ್ಟಿ ನೀರು ನಿಲ್ಲಿಸಿದೆವು. ಮಳೆ ನೀರು ಹೇಗೂ ಇತ್ತು, ಬಿಸಿಲು ಬಂದಾಗ ಕೊಂಡು ತುಂಬಿದೆವು. ಪಿಪಿಸಿ ಆದರೆ ಕನಿಷ್ಠ 10 ದಿನ ಒದ್ದೆಯಾಗಿರಬೇಕು. ನಾವು ಮೂರು ವಾರ ಬಿಡಲಿಲ್ಲ. ಗಳ ತೆಗೆದ ದಿನ ಅಡುಗೆಮನೆ ಮೂಲೆಯಲ್ಲಿ ಮೇಸ್ತ್ರಿ ದಾರ ಹಿಡಿದು ತೋರಿಸಿದರು, ಮಟ್ಟ ಸರಿಯಾಗಿತ್ತು. ಗೃಹಪ್ರವೇಶ 2022ರ ಯುಗಾದಿ ಕಳೆದ ಮೇಲೆ. ಅತ್ತೆ ಸೀತಿ ಬೆಟ್ಟ ಹತ್ತಿ ಮುಡಿಪು ಒಪ್ಪಿಸಿ ಬಂದರು, ಕಾಲು ನೋವಿದ್ದರೂ ಯಾರ ಕೈಯನ್ನೂ ಹಿಡಿಯಲಿಲ್ಲ. ಭಾವ ಬಂದು ಊಟ ಮಾಡಿಕೊಂಡು ಹೋದರು. ಆದರೆ ತಡ ಮಾಡಿದರು ಅನ್ನುವ ಮಾತು ಇನ್ನೂ ಬಿಟ್ಟಿಲ್ಲ.

ಕಟ್ಟಿಸುವವರಿಗೆ ನಾನು ಹೇಳುವುದು ಇಷ್ಟು. ನಮ್ಮ ಕಡೆ ಹಿಂಗಾರು ಡಿಸೆಂಬರ್‌ವರೆಗೂ ಹೊಡೆಯುತ್ತದೆ, ಆ ತಿಂಗಳುಗಳಲ್ಲಿ ಮೋಲ್ಡ್ ಹಾಕಲೇಬೇಕಾದರೆ ಇಡೀ ಛಾವಣಿ ಮುಚ್ಚುವಷ್ಟು ಟಾರ್ಪಾಲು ಹಿಂದಿನ ದಿನವೇ ತಂದಿಡಿ. ತುಂಬಿದ ಮಣ್ಣಿನ ಮೇಲೆ ಗಳ ನಿಲ್ಲಿಸುವಾಗ ಪ್ರತಿಯೊಂದರ ಕೆಳಗೂ ಹಲಗೆ ಇದೆಯಾ ಅಂತ ಬಗ್ಗಿ ನೋಡಿ. ಅರ್ಧಕ್ಕೆ ನಿಲ್ಲಿಸುವ ಪರಿಸ್ಥಿತಿ ಬಂದರೆ ಎಲ್ಲಿ ನಿಲ್ಲಿಸಬೇಕು ಅಂತ ಇಂಜಿನಿಯರ್ ಹತ್ತಿರ ಮೊದಲೇ ಕೇಳಿ ಗುರುತು ಹಾಕಿಸಿಕೊಳ್ಳಿ, ಗಡಿಬಿಡಿಯಲ್ಲಿ ಫೋನ್ ಸಿಗದೇ ಹೋಗಬಹುದು. ಸಾಲ ತೆಗೆಯುವ ಮುಂಚೆ ಕಂತು ಯಾವ ಯಾವ ಹಂತಕ್ಕೆ ಬರುತ್ತದೆ ಅಂತ ಬರೆಸಿಕೊಳ್ಳಿ. ಪುರೋಹಿತರ ಹತ್ತಿರ ಹೋಗುವುದು ಗಿಲಾವು ಒಣಗಿದ ಮೇಲಿರಲಿ.

ನಮ್ಮ ಛಾವಣಿಯಲ್ಲಿ ಆ ಎರಡು ಭಾಗ ಕೂಡಿದ ಜಾಗ ಆಮೇಲಿನ ಮಳೆಗಾಲಗಳಲ್ಲಿ ಒಂದು ಸಲವೂ ಸೋರಿಲ್ಲ. ನೋಡಬೇಕು ಅನ್ನುವವರು ವೇಮಗಲ್ಲಿಗೆ ಬನ್ನಿ, ಮಹಡಿ ಹತ್ತಿಸಿ ತೋರಿಸುತ್ತೇನೆ.