ಒಲೆಯ ಹೊಗೆ ಮತ್ತು ಕಣ್ಣಿನ ಆರೋಗ್ಯ

ಬೇಸಾಯದ ಪತ್ರಿಕೆಯಲ್ಲಿ ಅಡುಗೆಮನೆಯ ಮಾತೇಕೆಂದು ರೈತ ಬಾಂಧವರು ಕೇಳಬಹುದು. ಒಲೆಗೆ ಹಾಕುವ ತೊಗರಿಕಡ್ಡಿ, ತೆಂಗಿನ ಸೋಗೆ, ನೀಲಗಿರಿ ಕೊಂಬೆ, ಬೆರಣಿ ಎಲ್ಲವೂ ನಿಮ್ಮ ಹೊಲ ಕೊಟ್ಟಿಗೆಗಳಿಂದಲೇ ಬರುತ್ತವೆ. ಅವು ಸರಿಯಾಗಿ ಉರಿಯದಿದ್ದರೆ ಸೌದೆಯೂ ದಂಡ, ಒಲೆಯ ಮುಂದೆ ಕೂರುವವರ ಕಣ್ಣಿಗೂ ಕೇಡು.

ಬೆಂಗಳೂರಿನ ಪೂರ್ವದಲ್ಲಿ, ಕೃಷ್ಣರಾಜಪುರದ ಬಳಿಯಿರುವ ಗರುಡಾಚಾರ್‌ಪಾಳ್ಯಕ್ಕೆ 2023ರ ಮಾರ್ಚ್‌ನಲ್ಲಿ ಮೆಟ್ರೋ ರೈಲೇ ಬಂದಿತು. ಇಂತಹ ಊರುಗಳಲ್ಲಿ ಸೌದೆಯ ಮಾತು ಮುಗಿಯಿತೆಂದು ತಿಳಿಯಬೇಡಿ. ನಗರದ ಅಂಚಿನಲ್ಲಿ ಅಡುಗೆಗೆ ಗ್ಯಾಸ್ ಬಂದರೂ ಸ್ನಾನದ ಹಂಡೆಗೆ ಸೌದೆ ಉರಿಸುವ ಮನೆಗಳುಂಟು. ಕಟ್ಟಡ ಕೂಲಿಗಾರರ ತಗಡಿನ ಮನೆಗಳ ಮುಂದೆ ಮೂರು ಕಲ್ಲಿನ ಒಲೆಗಳುಂಟು. ಬಣ್ಣ ಬಳಿದ ಹಲಗೆ, ಪ್ಲೈವುಡ್ ಚೂರುಗಳನ್ನು ಮಾತ್ರ ಯಾವ ಒಲೆಗೂ ಹಾಕಬಾರದು. ಅವುಗಳ ಬಣ್ಣ ಮತ್ತು ಅಂಟಿನಿಂದ ಏಳುವ ಹೊಗೆ ಸೌದೆಯ ಹೊಗೆಗಿಂತ ಕೆಟ್ಟದ್ದು. ಇಡೀ ದೇಶದಲ್ಲಿ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನೂರಕ್ಕೆ ಸುಮಾರು 59 ಮನೆಗಳಷ್ಟೇ ಹೊಗೆಯಿಲ್ಲದ ಇಂಧನದಲ್ಲಿ ಅಡುಗೆ ಮಾಡುತ್ತಿದ್ದವು.

ಹೊಗೆ ಎಂದರೆ ಅರ್ಧ ಉರಿದ ಸೌದೆ. ಆಗ ತಾನೇ ಕಡಿದ ಹಸಿ ಸೌದೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರುತ್ತದೆ. ಬೆಂಕಿಯ ಶಾಖವು ಮೊದಲು ಆ ನೀರನ್ನು ಆವಿ ಮಾಡಲು ವ್ಯಯವಾಗುತ್ತದೆ. ಉರಿ ತಣ್ಣಗಾಗಿ, ಉರಿಯಬೇಕಾದ ಅನಿಲಗಳು ಹಾಗೆಯೇ ಹೊರಬೀಳುತ್ತವೆ. ಆಗ ಮನೆಯಾಕೆ ಊದುಗೊಳವೆ ಹಿಡಿದು ಒಲೆಯ ಬಾಯಿಗೇ ಮುಖವೊಡ್ಡುತ್ತಾಳೆ. ಹೊಗೆಯಲ್ಲಿರುವ ಸೂಕ್ಷ್ಮ ಕಣಗಳೂ ಫಾರ್ಮಾಲ್ಡಿಹೈಡ್‌ನಂತಹ ಅನಿಲಗಳೂ ಕಣ್ಣಿನ ತೆಳುಪೊರೆಯನ್ನು ಕೆರಳಿಸುತ್ತವೆ. ಉರಿ, ನೀರು ಸುರಿಯುವುದು, ಕೆಂಪೇರುವುದು ಇದರ ಮೊದಲ ಫಲ. ಕಣ್ಣೀರು ಬಂದರೆ ಕಣ್ಣು ತೊಳೆದಂತಾಯಿತು ಎನ್ನುವವರಿದ್ದಾರೆ. ಆ ಮಾತನ್ನು ನಂಬಬಾರದು.

ಇದಕ್ಕಿಂತ ಭಯಪಡಬೇಕಾದದ್ದು ಕಾಣದೆ ನಡೆಯುವ ಹಾನಿ. ಉಸಿರಿನೊಡನೆ ಒಳಹೋದ ಹೊಗೆಯ ವಿಷಗಳು ರಕ್ತದ ಮೂಲಕ ಕಣ್ಣಿನ ಮಸೂರಕ್ಕೂ ತಲುಪಿ ಅದನ್ನು ಮಬ್ಬುಗೊಳಿಸಬಲ್ಲವು. ವಯಸ್ಸಿನೊಂದಿಗೆ ಪೊರೆ ಬರುವುದು ಸಹಜವಾದರೂ, ವರ್ಷಗಟ್ಟಲೆ ಸೌದೆ ಒಲೆಯ ಮುಂದೆ ಕುಳಿತ ಹೆಂಗಸರಲ್ಲಿ ಅದು ಹೆಚ್ಚೆಂದು ಭಾರತದ ಅಧ್ಯಯನಗಳಲ್ಲಿ ಕಂಡುಬಂದಿದೆ.

ಪರಿಹಾರ ಕೊಟ್ಟಿಗೆಯಲ್ಲೇ ಆರಂಭವಾಗಬೇಕು. ಸೌದೆಯನ್ನು ಮಳೆಗಾಲಕ್ಕೆ ಮೊದಲೇ ಸೀಳಿ, ನೆಲ ಸೋಕದಂತೆ ಸೂರಿನಡಿ ಒಟ್ಟಿರಿ. ಎರಡು ತುಂಡುಗಳನ್ನು ಬಡಿದಾಗ ಟಣ್ಣೆಂದರೆ ಒಣಗಿದೆ. ಮಂಕಾಗಿ ಸದ್ದಾದರೆ ಇನ್ನೂ ಕಾಯಬೇಕು. ಬೆರಣಿಯನ್ನು ಸುಡುವುದು ನನ್ನಂತಹ ಬೇಸಾಯಶಾಸ್ತ್ರದವನಿಗೆ ಸಂಕಟದ ವಿಷಯ, ಅದರೊಡನೆ ಹೊಲದ ಸಾರಜನಕವೂ ಹೊಗೆಯಾಗುತ್ತದೆ! ನಾಲ್ಕೈದು ದನಗಳಿದ್ದವರು ಎರಡು ಘನಮೀಟರಿನ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿಸಿದರೆ ದಿನಕ್ಕೆ ಸುಮಾರು 50 ಕಿಲೋ ಸಗಣಿಯಿಂದ ಒಲೆಯೂ ಉರಿಯುತ್ತದೆ, ಬಗ್ಗಡವೂ ಗೊಬ್ಬರವಾಗಿ ಕೈಗೆ ಸಿಗುತ್ತದೆ.

ಸೌದೆಯೇ ಗತಿಯಾದವರಿಗೆ ನಮ್ಮಲ್ಲೇ ಹುಟ್ಟಿದ ಅಸ್ತ್ರ ಒಲೆ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾ. ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು 1980ರ ದಶಕದಲ್ಲಿ ಇದನ್ನು ರೂಪಿಸಿತು. ಸೌದೆಯಡಿಯ ಜಾಲರಿಯ ಮೂಲಕ ಗಾಳಿ ಬರುತ್ತದೆ, ಬೂದಿ ಕೆಳಗೆ ಬೀಳುತ್ತದೆ, ಒಂದೇ ಉರಿಯಲ್ಲಿ ಮೂರು ಪಾತ್ರೆ ಕಾಯುತ್ತವೆ, ಹೊಗೆ ಕೊಳವೆಯಿಂದ ಸೂರಿನಾಚೆ ಹೋಗುತ್ತದೆ. ಪಾತ್ರೆ ಬಾಯಿಗೆ ಸರಿಯಾಗಿ ಕೂರದಿದ್ದರೆ, ಕೊಳವೆಯಲ್ಲಿ ಇಲ್ಲಣ ಕಟ್ಟಿಕೊಂಡರೆ, ಹೊಗೆ ಮತ್ತೆ ಮನೆಯೊಳಗೇ ತಿರುಗುತ್ತದೆ. ಹೊಗೆರಹಿತ ಒಲೆಗಳನ್ನು ಜನ ಕೈಬಿಡುವುದು ಹೆಚ್ಚಾಗಿ ಒಲೆಯ ದೋಷದಿಂದಲ್ಲ, ಕೊಳವೆ ತೆಗೆದು ಕೊಡವುವ ಕೆಲಸ ಯಾರದೆಂದು ಗೊತ್ತಾಗದೆ. ಆ ಕೆಲಸವನ್ನು ಮನೆಯ ಗಂಡಸರು ವಹಿಸಿಕೊಳ್ಳತಕ್ಕದ್ದು.

ಉರಿಯುವ ಕಣ್ಣಿಗೆ ಹರಳೆಣ್ಣೆ, ಎದೆಹಾಲು, ಸೊಪ್ಪಿನ ರಸ ಹಾಕದೆ ಶುದ್ಧ ನೀರಿನಲ್ಲಿ ತೊಳೆಯಿರಿ. ದೀಪದ ಸುತ್ತ ಪ್ರಭೆ ಕಂಡರೆ, ಅಕ್ಕಿಯಲ್ಲಿ ಕಲ್ಲು ಆರಿಸಲಾಗದಿದ್ದರೆ, ತಡಮಾಡದೆ ಮಿಂಟೋ ಆಸ್ಪತ್ರೆಗೋ ಜಿಲ್ಲಾ ಆಸ್ಪತ್ರೆಗೋ ಕರೆದೊಯ್ಯಿರಿ. ಪೊರೆ ಪೂರ್ತಿ ಬಲಿಯಲೆಂದು ಕಾಯುವ ಅವಶ್ಯಕತೆ ಈಗಿಲ್ಲ.